‘ತೀವ್ರ’ ಎಂದರೆ ಯಾವ ತೀವ್ರ?

ಮಾನಸಿಕ ಕಾಯಿಲೆಯ ಮಾತಿನಲ್ಲಿ ‘ತೀವ್ರ’ ಎಂಬ ಪದ ಬಂದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ‘ಸೌಮ್ಯ’ ಎಂದರೆ ಸದ್ಯ ಬದುಕಿದೆವು ಅನ್ನಿಸುತ್ತದೆ. ಎರಡೂ ಅವಸರದ ತೀರ್ಮಾನ. ವೈದ್ಯರ ಬಾಯಲ್ಲಿ ಈ ‘ತೀವ್ರ’ಕ್ಕೆ ಮೂರು ಕೆಲಸ. ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಕಾಯಿಲೆಗಳ ಗುಂಪಿಗೇ ‘ತೀವ್ರ ಮಾನಸಿಕ ಕಾಯಿಲೆ’ ಎಂದು ಹೆಸರು; ನಿಮ್ಹಾನ್ಸ್ ಮುನ್ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯೂ ಹಾಗೆಯೇ ವಿಂಗಡಿಸಿತು. ಖಿನ್ನತೆ, ಆತಂಕಗಳು ‘ಸಾಮಾನ್ಯ’ದ ಸಾಲಿಗೆ ಸೇರುತ್ತವೆ. ಆದರೆ ಅದೇ ಖಿನ್ನತೆ ಊಟ, ನಿದ್ದೆ ಕೆಡಿಸಿ ಸಾಯುವ ಯೋಚನೆಗೆ ತಳ್ಳಿದಾಗ ಅದೂ ‘ತೀವ್ರ’. ಮೂರನೆಯದು ಅಂಗವೈಕಲ್ಯ ಪ್ರಮಾಣಪತ್ರದ ‘ತೀವ್ರ’.

ಜನರಿಗೆ ಹೆಚ್ಚು ತಟ್ಟುವುದು ಈ ಮೂರನೆಯದೇ. ಪ್ರಮಾಣಪತ್ರಕ್ಕೆ ಬಳಸುವ ‘ಐಡಿಯಾಸ್’ ಮಾಪಕ ನೋಡುವುದು ರೋಗದ ಹೆಸರನ್ನಲ್ಲ, ದಿನನಿತ್ಯದ ಬದುಕನ್ನು. ತನ್ನ ಮೈಕೈ ತಾನೇ ನೋಡಿಕೊಳ್ಳುವುದು, ಜನರ ಒಡನಾಟ, ಮಾತು ಮತ್ತು ಗ್ರಹಿಕೆ, ದುಡಿಮೆ: ಒಂದೊಂದಕ್ಕೂ ಸೊನ್ನೆಯಿಂದ 4ರವರೆಗೆ ಅಂಕ. ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೆ ಬೇರೆ ಅಂಕ. ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿಯ ಕಡಲೆಕಾಯಿ ಬೆಳೆಗಾರರೊಬ್ಬರಿಗೆ ಸ್ನಾನ ಮಾಡು ಎಂದು ಆಗಾಗ ಹೇಳಬೇಕಾಗುತ್ತದೆ, ಮಾತು ಕಡಿಮೆಯಾಗಿದೆ, ನೆಂಟರ ಮನೆಗೆ ಹೋಗುವುದನ್ನು ಬಿಟ್ಟಿದ್ದಾರೆ, ಹೊಲದ ಕೆಲಸ ಅರ್ಧಕ್ಕೇ ನಿಲ್ಲುತ್ತದೆ ಅಂದುಕೊಳ್ಳಿ. ಇದಕ್ಕೆಲ್ಲ 6 ಅಂಕ ಬಂತು. ಕಾಯಿಲೆ ಶುರುವಾಗಿ ಎರಡು ವರ್ಷ ಆಗಿಲ್ಲದಿದ್ದರೆ ಒಂದು ಸೇರಿ 7. ಅದು ‘ಸೌಮ್ಯ’, ಶೇ 40ಕ್ಕಿಂತ ಕಡಿಮೆ. ಎರಡು ವರ್ಷ ದಾಟಿದರೆ 8, ಅದು ‘ಮಧ್ಯಮ’. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಮುಖ್ಯ ಸೌಲಭ್ಯಗಳಿಗೆ ಬೇಕಾದ ಶೇ 40 ಆಗ ದಕ್ಕುತ್ತದೆ. ಅದೇ ಮನುಷ್ಯ, ಅದೇ ಕಷ್ಟ, ಪದ ಮಾತ್ರ ಬೇರೆ. ‘ಸೌಮ್ಯ’ ಎಂದು ಬರೆದುಕೊಟ್ಟರು, ಇನ್ನು ಮಾತ್ರೆ ಯಾಕೆ ಎನ್ನುವುದು ಎಷ್ಟು ದೊಡ್ಡ ತಪ್ಪೆಂದು ಇಷ್ಟರಲ್ಲೇ ಕಾಣುತ್ತದೆ.

ಹಾಗಿದ್ದರೆ ಈ ಹಣೆಪಟ್ಟಿಗಳೇ ಬೇಡ ಎಂಬ ವಾದವಿದೆ. ಅದರ ಹಿಂದಿನ ನೋವು ನಿಜ. ಆದರೂ ನಾನು ಒಪ್ಪಲಾರೆ. ಪದವಿಲ್ಲದಿದ್ದರೆ ಯಾರನ್ನು ಮೊದಲು ನೋಡಬೇಕು, ಪಿಂಚಣಿ ಯಾರಿಗೆ ಎಂಬುದು ಅಧಿಕಾರಿಯ ಮರ್ಜಿಗೆ ಬೀಳುತ್ತದೆ. ಕೆಡುಕು ಇರುವುದು ಗುಂಪಿನ ಹೆಸರನ್ನು ಒಬ್ಬನ ಹಣೆಬರಹವೆಂದು ಓದುವುದರಲ್ಲಿ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇದ್ದವರನ್ನು ನಿಮ್ಹಾನ್ಸ್ ವೈದ್ಯರು ಊರಲ್ಲೇ ಹಿಂಬಾಲಿಸಿ ನೋಡಿದಾಗ, ಚಿಕಿತ್ಸೆ ಸಿಕ್ಕವರಲ್ಲಿ ವೈಕಲ್ಯ ತಗ್ಗಿತ್ತು. ನಮ್ಮದೇ ತುಮಕೂರು ಜಿಲ್ಲೆಯ ತುರುವೇಕೆರೆಯಲ್ಲೂ ಅಂಥ ಕೆಲಸ ನಡೆದಿದೆ. ‘ತೀವ್ರ’ ಗುಂಪಿನ ಕಾಯಿಲೆಯವರು ಸೌಮ್ಯ ಸ್ಥಿತಿಯಲ್ಲಿ ಬದುಕಬಲ್ಲರು.

ಆದ್ದರಿಂದ ವೈದ್ಯರು ಆ ಪದ ಬಳಸಿದಾಗ ಸುಮ್ಮನೆ ಎದ್ದು ಬರಬೇಡಿ. ಕಾಯಿಲೆಯ ಜಾತಿ ತೀವ್ರವೋ, ಈಗಿನ ಸ್ಥಿತಿಯೋ, ಪ್ರಮಾಣಪತ್ರದ ಅಂಕವೋ ಎಂದು ಕೇಳಿ ತಿಳಿದುಕೊಳ್ಳಿ. ಮಧುಗಿರಿಯ ಆಸ್ಪತ್ರೆಗೆ ಹೋಗಲಾಗದ ದಿನ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ; ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.