ಒಡಹುಟ್ಟಿದ ನುಡಿಗಳು

ಕನ್ನಡವು ಸಂಸ್ಕೃತದಿಂದ ಹುಟ್ಟಿತೆಂದು ಕೆಲವರೂ, ತಮಿಳಿನಿಂದ ಹುಟ್ಟಿತೆಂದು ಕೆಲವರೂ ಹೇಳುವುದುಂಟು. ಇದನ್ನು ಪರೀಕ್ಷಿಸಲು ಶಿವಪುರದವರು ದೂರ ಹೋಗಬೇಕಾಗಿಲ್ಲ. ಅದೇ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕ್ರಿ.ಶ. 949-50ರ ಶಾಸನವೇ ಸಾಕು. ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ನಾಯಿಯನ್ನು ಸ್ಮರಿಸುವ ಆ ಕಲ್ಲಿನಲ್ಲಿ ಹಂದಿಯು ‘ಪಂದಿ’ಯಾಗಿರುವುದು. ತೆಲುಗಿನಲ್ಲಿ ಇಂದಿಗೂ ಪಂದಿ, ತುಳುವಿನಲ್ಲಿ ಪಂಜಿ, ತಮಿಳಿನಲ್ಲಿ ಪನ್ರಿ. ಸಂಸ್ಕೃತದ ವರಾಹಕ್ಕೂ ಇವಕ್ಕೂ ನಂಟಿಲ್ಲ. ಮುಂದೆ ಕನ್ನಡವು ಈ ಪಕಾರವನ್ನು ಹಕಾರವಾಗಿಸಿತು. ಆದರೆ ‘ಕಿವಿ’ಯಲ್ಲಿ ಮೂಲದ ಕಕಾರವನ್ನು ಕಾಪಾಡಿದುದು ಕನ್ನಡವೇ, ತಮಿಳಿನಲ್ಲಿ ಅದು ‘ಚೆವಿ’ಯಾಯಿತು. ಆದುದರಿಂದ ಕನ್ನಡ ತಮಿಳುಗಳು ತಾಯಿಮಗಳಲ್ಲ, ಒಡಹುಟ್ಟಿದವರು.

ರಷ್ಯನ್, ಪೋಲಿಷ್, ಸರ್ಬಿಯನ್ ನುಡಿಗಳು ಒಂದೇ ಸ್ಲಾವಿಕ್ ಮೂಲದಿಂದ ಕವಲೊಡೆದಂತೆ ದ್ರಾವಿಡ ನುಡಿಗಳೂ ಕವಲೊಡೆದಿರುವುವು. ಕನ್ನಡ, ತಮಿಳು, ತುಳು ದಕ್ಷಿಣದ ಕವಲಿನವು, ತೆಲುಗು ದಕ್ಷಿಣ-ಮಧ್ಯದ್ದು, ದೂರದ ಬಲೂಚಿಸ್ತಾನದ ಬ್ರಾಹುಈ ಉತ್ತರದ್ದು. ಈ ಬಾಂಧವ್ಯವನ್ನು 1816ರಲ್ಲಿ ಎಲ್ಲಿಸ್ ಸಾಹೇಬರೂ, 1856ರಲ್ಲಿ ಕಾಲ್ಡ್‌ವೆಲ್ ಪಂಡಿತರೂ ತೋರಿಸಿಕೊಟ್ಟರು.

ಮೂಲ ದ್ರಾವಿಡದ ಬರಹವೊಂದೂ ಉಳಿದಿಲ್ಲ. ತಾಯಿಯ ದನಿಯನ್ನು ಮಕ್ಕಳ ಮಾತಿನಲ್ಲಿಯೇ ಹುಡುಕಬೇಕು. ಆದಕಾರಣ ನಮ್ಮ ಹಳ್ಳಿಗಳ ಹಿರಿಯರು ಆಡುವ ಮಾತನ್ನು ಹಾಗೆಯೇ ಬರೆದಿಡುವುದು ವಿದ್ಯಾವಂತರಾದವರ ಕರ್ತವ್ಯವಾಗಿರುವುದು.