ಕಾಗದದ ಹೃದಯ

ಹೋದ ವರ್ಷ ಡಿಸೆಂಬರಿನಲ್ಲಿ ನೆರೆಮನೆಯ ಕ್ರೈಸ್ತ ಕುಟುಂಬದ ಮಕ್ಕಳ ಜೊತೆ ನನ್ನ ಐದು ವರ್ಷದ ಮೊಮ್ಮಗಳೂ ಕ್ರಿಸ್ಮಸ್ ಮರದ ಅಲಂಕಾರಕ್ಕೆ ಕುಳಿತಿದ್ದಳು. ಕೆಂಪು, ಬಿಳಿ ಕಾಗದದ ಪಟ್ಟಿಗಳನ್ನು ಹಾಸುಹೊಕ್ಕಾಗಿ ಹೆಣೆದು ಹೃದಯದ ಆಕಾರದ ಪುಟ್ಟ ಚೀಲ ಮಾಡುವ ಕೆಲಸ. ಅವಳದು ಸೊಟ್ಟಗಿತ್ತು, ಒಂದು ಪಟ್ಟಿ ಹರಿದೂ ಇತ್ತು. ನಾನು ಸುಮ್ಮನಿರಲಾರದೆ ಹೊಸ ಕಾಗದ ಕತ್ತರಿಸಿ, ಅಚ್ಚುಕಟ್ಟಾಗಿ ಹೆಣೆದು ಕೊಟ್ಟೆ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಅವಳು, "ತಾತಾ, ಇದು ನೀನು ಮಾಡಿದ್ದು. ನಂದೆಲ್ಲಿ?" ಎಂದಳು. ಅವಳದನ್ನು ನಾನಾಗಲೇ ಕಸದ ಬುಟ್ಟಿಗೆ ಹಾಕಿದ್ದೆ.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಸಂಕೋಚವನ್ನು ಮರೆಯಲೋ ಏನೋ, ಈ ಕಾಗದದ ಹೃದಯ ಎಲ್ಲಿಂದ ಬಂತೆಂದು ಪುಸ್ತಕಗಳಲ್ಲಿ ಹುಡುಕತೊಡಗಿದೆ. ಸಿಕ್ಕ ಕಥೆ ನನ್ನ ತಪ್ಪನ್ನು ಇನ್ನಷ್ಟು ಚೆನ್ನಾಗಿ ತೋರಿಸಿಕೊಟ್ಟಿತು.

ಇದರ ತವರು ಡೆನ್ಮಾರ್ಕ್. ಇಂಥ ಹೃದಯಗಳಲ್ಲಿ ಈಗ ಉಳಿದಿರುವ ಅತ್ಯಂತ ಹಳೆಯದು 1860ರದು. ಓಡೆನ್ಸೆ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಹೆಣೆದವನು ಬೇರೆ ಯಾರೂ ಅಲ್ಲ, ನಮ್ಮ ಮಕ್ಕಳೂ ಬಲ್ಲ ಕಥೆಗಾರ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್. ಬಡ ಚಮ್ಮಾರನ ಮಗನಾಗಿ 1805ರಲ್ಲಿ ಹುಟ್ಟಿದ ಈತನಿಗೆ ಲೇಖನಿಯಷ್ಟೇ ಕತ್ತರಿಯೂ ಪ್ರಿಯ. ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಥೆ ಹೇಳುತ್ತಲೇ ಮಡಿಸಿದ ಕಾಗದವನ್ನು ಕತ್ತರಿಸುವನು. ಕಥೆ ಮುಗಿದು ಕಾಗದ ಬಿಚ್ಚಿದರೆ ನರ್ತಕಿಯರೋ ಹಂಸಗಳೋ ಸಾಲಾಗಿ ನಿಂತಿರುವುವು. 1844ರಲ್ಲಿ ಅವನು ಬರೆದ ಫರ್ ಮರದ ಕಥೆಯಲ್ಲಿಯೂ ಕ್ರಿಸ್ಮಸ್ ಮರದ ಕೊಂಬೆಗಳಿಗೆ ಬಣ್ಣದ ಕಾಗದದ ಪುಟ್ಟ ಬಲೆಗಳನ್ನು ಕಟ್ಟಿ ಮಿಠಾಯಿ ತುಂಬುವ ಸಂದರ್ಭವಿದೆ. ಹೃದಯ ಹೆಣೆಯುವ ವಿಧಾನ 1871ರಲ್ಲಿ ಅಲ್ಲಿನ ಗೃಹಕೈಗಾರಿಕೆಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಅದು ಮನೆಮನೆಯ ವಾಡಿಕೆಯಾಯಿತು. ಕೆಂಪು, ಬಿಳಿ ಆ ದೇಶದ ಧ್ವಜದ ಬಣ್ಣಗಳೂ ಹೌದು.

ಮಕ್ಕಳ ಕೈಗೆ ಕಾಗದ ಕೊಡಬೇಕೆಂಬ ವಿಚಾರಕ್ಕೆ ಮಾತ್ರ ಇನ್ನೊಬ್ಬನನ್ನು ನೆನೆಯಬೇಕು. ಜರ್ಮನಿಯ ಫ್ರೀಡ್ರಿಖ್ ಫ್ರೋಬೆಲ್ ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡವನು. 1837ರಲ್ಲಿ ಬ್ಲಾಂಕೆನ್‌ಬುರ್ಗಿನಲ್ಲಿ ಎಳೆಯ ಮಕ್ಕಳಿಗಾಗಿ ಅವನು ತೆರೆದ ಶಾಲೆಗೆ 1840ರಲ್ಲಿ ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ, ಎಂಬ ಹೆಸರಾಯಿತು. ಕಾಗದ ಮಡಿಸುವುದು, ಕತ್ತರಿಸುವುದು, ಪಟ್ಟಿಗಳನ್ನು ಹೆಣೆಯುವುದು ಅಲ್ಲಿನ ಪಾಠಗಳು. ಮಗು ಕೇಳಿ ಕಲಿಯುವುದಕ್ಕಿಂತ ಮಾಡಿ ಕಲಿಯುವುದೇ ಹೆಚ್ಚೆಂಬುದು ಅವನ ನಂಬಿಕೆ. ಇಂಥ ನಿರುಪದ್ರವಿ ಶಾಲೆಗಳನ್ನು ಪ್ರಷ್ಯಾ ಸರ್ಕಾರ 1851ರಲ್ಲಿ ನಿಷೇಧಿಸಿತೆಂದರೆ ಓದುಗರು ನಂಬಲಿಕ್ಕಿಲ್ಲ! ನಾಸ್ತಿಕತೆಯನ್ನೂ ಸಮಾಜವಾದವನ್ನೂ ಹರಡುತ್ತವೆಂಬುದು ಆರೋಪ. ಅಣ್ಣನ ಮಗ ಕಾರ್ಲ್ ಫ್ರೋಬೆಲನ ಬರಹದ ಪಾಪವನ್ನು ಇವನ ತಲೆಗೆ ಕಟ್ಟಿದರೆಂದು ಇತಿಹಾಸಕಾರರು ಹೇಳುತ್ತಾರೆ. ಮರುವರ್ಷವೇ ಫ್ರೋಬೆಲ್ ತೀರಿಕೊಂಡ. ನಿಷೇಧ ತೆರವಾದದ್ದು 1860ರಲ್ಲಿ. ಆಂಡರ್ಸನ್ ತನ್ನ ಹೃದಯವನ್ನು ಹೆಣೆದ ವರ್ಷವೂ ಅದೇ. ಇದು ಬರಿಯ ಕಾಕತಾಳೀಯ. ಆದರೆ ಆಮೇಲೆ ಡೆನ್ಮಾರ್ಕಿನಲ್ಲಿ ಮಕ್ಕಳನ್ನು ಈ ಕೆಲಸಕ್ಕೆ ಕೂರಿಸಿದ್ದು ಎಳೆಯ ಬೆರಳುಗಳು ಪಳಗಲೆಂದೇ ಎಂದು ತಿಳಿದವರ ಅಭಿಪ್ರಾಯ.

ಪಳಗಿಸುವ ಕೆಲಸವೇ ಸರಿ. ಎರಡು ಬಣ್ಣದ ಕಾಗದಗಳನ್ನು ಬೇರೆಬೇರೆಯಾಗಿ ನಡುವೆ ಮಡಿಸಿ, ತೆರೆದ ತುದಿಯನ್ನು ದುಂಡಗೆ ಕತ್ತರಿಸಿ, ಮಡಿಕೆಯ ಕಡೆಯಿಂದ ಸೀಳಬೇಕು. ಸೀಳು ಕಾಗದದ ಅಗಲಕ್ಕಿಂತ ತುಸು ಉದ್ದವಿರಬೇಕು. ಇಲ್ಲವಾದರೆ ಕೊನೆಯ ಪಟ್ಟಿ ತೂರುವುದಿಲ್ಲ. ಚಾಪೆಯಂತೆ ಮೇಲೆ ಕೆಳಗೆ ಹಾಯಿಸಿದರೆ ಸಾಲದು. ಪಟ್ಟಿ ಒಂದು ಕಡೆ ಇನ್ನೊಂದರ ಹೊಟ್ಟೆಯೊಳಗೆ ಹೋಗಬೇಕು, ಮುಂದಿನದನ್ನು ತನ್ನ ಹೊಟ್ಟೆಯೊಳಗೆ ಬಿಟ್ಟುಕೊಳ್ಳಬೇಕು. ಹಾಗೆ ಹೆಣೆದರೆ ಮಾತ್ರ ಕಡೆಗೆ ಚೀಲ ಬಾಯಿ ತೆರೆಯುತ್ತದೆ. ದೊಡ್ಡವರಾದ ನಮಗೇ ಎರಡು ಸಲ ತಪ್ಪುತ್ತದೆ. ತಪ್ಪಿ, ಬಿಚ್ಚಿ, ಮತ್ತೆ ಹೆಣೆಯುವಾಗ ಮಗು ಕಲಿಯುವುದನ್ನು ನಾನು ನನ್ನ ಅಚ್ಚುಕಟ್ಟಿನಿಂದ ಕಸಿದುಕೊಂಡಿದ್ದೆ. ಪ್ರಷ್ಯಾ ಸರ್ಕಾರ ಆಜ್ಞೆ ಹೊರಡಿಸಿ ಮಾಡಿದ್ದನ್ನು ನಾನು ಪ್ರೀತಿಯಿಂದ ಮಾಡಿದೆ. ಅಂಗಡಿಯಲ್ಲಿ ಸಿದ್ಧವಾದ ನಕ್ಷತ್ರ, ಗಂಟೆಗಳು ಬೇಕಾದಷ್ಟು ಸಿಗುವ ಈ ಕಾಲದಲ್ಲಿ ಮಕ್ಕಳನ್ನು ಕಾಗದದ ಮುಂದೆ ಕೂರಿಸುವುದು ಅಂದವಾದ ವಸ್ತುವಿಗಾಗಿ ಅಲ್ಲ ಎಂಬುದು ನನಗೆ ಹೊಳೆದಿರಲಿಲ್ಲ.

ಈ ಸಲ ನೆರೆಮನೆಗೆ ಮತ್ತೆ ಹೋದೆವು. ನಾನು ಸೀಳುಗಳನ್ನು ಕತ್ತರಿಸಿ ಕೊಟ್ಟು ಕೈಕಟ್ಟಿ ಕುಳಿತೆ. ಕೈಕಟ್ಟಿ ಕೂರುವುದು ಎಷ್ಟು ಕಷ್ಟದ ಕೆಲಸವೆಂದು ಅಂದು ತಿಳಿಯಿತು. ಮುಕ್ಕಾಲು ಗಂಟೆಯ ಮೇಲೆ ಮೊಮ್ಮಗಳ ಹೃದಯ ಸಿದ್ಧವಾಯಿತು; ಒಂದು ಪಟ್ಟಿ ಎಲ್ಲಿಗೂ ಸೇರದೆ ಹೊರಗೆ ಚಾಚಿಕೊಂಡಿತ್ತು. ಮನೆಯಾಕೆ ಅದನ್ನು ಮರದ ಮುಂಭಾಗಕ್ಕೇ ಕಟ್ಟಿ ಗೋಡಂಬಿ ತುಂಬಿದರು. ಸಂದಿಯಿಂದ ಎರಡು ಉದುರಿದವು. ಮೊಮ್ಮಗಳು ಅವನ್ನು ಹೆಕ್ಕಿ, ಒಂದನ್ನು ತಾನು ತಿಂದು, ಒಂದನ್ನು ನನಗೆ ಕೊಟ್ಟಳು.