ಎತ್ತರದ ಮನೆಯ ಕಿಟಕಿ ಮತ್ತು ಬೆಕ್ಕು

ಬೆಕ್ಕು ಮನುಷ್ಯನ ಮನೆ ಸೇರಿ ಸಾವಿರಾರು ವರ್ಷಗಳಾಗಿವೆ. ಆದರೆ ಹಗಲೂ ರಾತ್ರಿ ಮನೆಯೊಳಗೇ ಬಾಳುವ ಬೆಕ್ಕು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ್ದು. ಅದಕ್ಕೆ ಮೊದಲು ಇಲಿ ಹಿಡಿಯುವುದು ಅದರ ಕೆಲಸ. ಕಣಜ, ಅಟ್ಟ, ಅಂಗಡಿ, ಹಿತ್ತಿಲು ಅದರ ಓಡಾಟದ ಜಾಗ. ಕರ್ನಾಟಕದ ಹಳೆಯ ಮನೆಗಳ ಕಿಟಕಿಗೆ ಕೂರಿಸುತ್ತಿದ್ದ ಮರದ ಅಥವಾ ಕಬ್ಬಿಣದ ಸರಳುಗಳು ಕಳ್ಳರನ್ನು ತಡೆಯುವುದಕ್ಕೆ ಇದ್ದವು. ಬೆಕ್ಕು ಅವುಗಳ ಸಂದಿನಲ್ಲಿ ನುಸುಳಿ ಹೊರಗೆ ಹೋಗುತ್ತಿತ್ತು, ಹಂಚಿನ ಮಾಡು ಹತ್ತಿ ಇನ್ನೊಂದು ಕಡೆಯಿಂದ ಒಳಗೆ ಬರುತ್ತಿತ್ತು. ಬಿದ್ದರೂ ಕೆಳಗೆ ಇರುತ್ತಿದ್ದುದು ಮಣ್ಣು. ಮನೆಗಳು ಮಹಡಿಯ ಮೇಲೆ ಮಹಡಿಯಾಗಿ ಏರಿ, ಬೆಕ್ಕನ್ನು ಒಳಗೇ ಸಾಕಲು ಅನುಕೂಲಗಳು ಒದಗಿದ ಮೇಲೆಯೇ ಕಿಟಕಿ ಅದರ ಪ್ರಾಣಕ್ಕೆ ಎರವಾಗತೊಡಗಿತು. ಈ ಬದಲಾವಣೆಯ ಜಾಡು ಸ್ಪಷ್ಟವಾಗಿ ಸಿಗುವುದು ನ್ಯೂಯಾರ್ಕ್ ನಗರದಲ್ಲಿ.

ಹತ್ತೊಂಬತ್ತನೆಯ ಶತಮಾನದ ನ್ಯೂಯಾರ್ಕಿನಲ್ಲಿ ಬಡ ಕೆಲಸಗಾರರು ಐದಾರು ಮಹಡಿಯ ಬಾಡಿಗೆ ವಠಾರಗಳಲ್ಲಿ ತುಂಬಿಕೊಂಡಿದ್ದರು. ಬೆಂಕಿ ಬಿದ್ದಾಗ ತಪ್ಪಿಸಿಕೊಳ್ಳುವ ದಾರಿ ಇರಬೇಕೆಂದು 1867ರ ಕಾನೂನು ಹೇಳಿದ ಮೇಲೆ ಇಂಥ ಕಟ್ಟಡಗಳ ಮುಖಕ್ಕೆ ಕಬ್ಬಿಣದ ಮೆಟ್ಟಿಲು, ಜಗಲಿಗಳು ಬಂದವು. ಕಿಟಕಿ ದಾಟಿದ ಬೆಕ್ಕಿಗೆ ಅಲ್ಲಿ ಕಾಲೂರಲು ನೆಲವಿತ್ತು. ಲಿಫ್ಟು, ಉಕ್ಕಿನ ಚೌಕಟ್ಟು ಬಂದು ಮನೆಗಳು ಹದಿನೈದು ಇಪ್ಪತ್ತು ಮಹಡಿಗೆ ಏರಿದಾಗ ಬೆಂಕಿಯಿಂದ ಪಾರಾಗುವ ಮೆಟ್ಟಿಲು ಕಟ್ಟಡದ ಒಳಗೆ ಸೇರಿತು. ಕಿಟಕಿಯ ಹೊರಗೆ ಉಳಿದದ್ದು ಬರಿಯ ಗೋಡೆ.

ಅಷ್ಟು ಎತ್ತರದಲ್ಲಿ ಬೆಕ್ಕು ಸಾಕುವುದಕ್ಕೆ ದೊಡ್ಡ ತೊಡಕು ಅದರ ಮಲಮೂತ್ರ. ಬೂದಿ, ಮರಳು, ಹರಿದ ಪತ್ರಿಕೆ ಎಲ್ಲವೂ ಬಳಕೆಯಲ್ಲಿದ್ದವು. ಯಾವುದೂ ವಾಸನೆ ತಡೆಯುತ್ತಿರಲಿಲ್ಲ. 1947ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಎಡ್ವರ್ಡ್ ಲೋ ಎಂಬಾತ ತೇವ ಹೀರುವ ಜೇಡಿಮಣ್ಣಿನ ಹರಳನ್ನು ನೆರೆಯವರೊಬ್ಬರ ಬೆಕ್ಕಿಗೆಂದು ಕೊಟ್ಟ. ಕಾರ್ಖಾನೆಗಳಲ್ಲಿ ನೆಲಕ್ಕೆ ಚೆಲ್ಲಿದ ಎಣ್ಣೆ ಹೀರಿಸಲು ಮಾರುತ್ತಿದ್ದ ಸರಕು ಅದು. ಅದನ್ನೇ ಆತ ಚೀಲಕ್ಕೆ ತುಂಬಿ ‘ಕಿಟ್ಟಿ ಲಿಟರ್’ ಎಂಬ ಹೆಸರಿನಲ್ಲಿ ಮಾರಿದ. ಬೆಕ್ಕು ಒಮ್ಮೆಯೂ ಅಂಗಳಕ್ಕೆ ಇಳಿಯದೆ ಬದುಕು ಮುಗಿಸಬಹುದಾದ ಕಾಲ ಆಗ ಬಂತು. ಬೀದಿಯ ವಾಹನ, ಜಗಳ, ರೋಗಗಳಿಂದ ಅದು ಉಳಿಯಿತು. ಅದರ ಪಾಲಿಗೆ ಹೊರಲೋಕವೆಂದರೆ ಇನ್ನು ಕಿಟಕಿಯೊಂದೇ.

ಆ ಕಿಟಕಿಗೆ ಆಗಲೇ ಜಾಲರಿ ಬಂದಿತ್ತು, ಆದರೆ ಬೆಕ್ಕಿಗಾಗಿ ಅಲ್ಲ. ಕನೆಕ್ಟಿಕಟ್ ರಾಜ್ಯದ ಗಿಲ್ಬರ್ಟ್ ಅಂಡ್ ಬೆನೆಟ್ ಕಂಪನಿ ತಂತಿಯ ಜರಡಿ ಮಾಡಿ ದಕ್ಷಿಣದ ರಾಜ್ಯಗಳಿಗೆ ಮಾರುತ್ತಿತ್ತು. 1861ರಲ್ಲಿ ಅಂತರ್ಯುದ್ಧ ಶುರುವಾಗಿ ಆ ಮಾರುಕಟ್ಟೆ ಕೈತಪ್ಪಿದಾಗ ಉಳಿದುಹೋದ ತಂತಿಬಲೆಗೆ ಬಣ್ಣ ಬಳಿದು ಕಿಟಕಿಗೆ ಹಾಕಲು ಮಾರತೊಡಗಿದರು. ನೊಣ, ಸೊಳ್ಳೆಗಳಿಂದ ರೋಸಿದ್ದ ಜನ ಅದನ್ನು ಬಹುಬೇಗ ಒಪ್ಪಿಕೊಂಡರು. ಮುಂದೆ ಅಲ್ಯೂಮಿನಿಯಮ್ ಜಾಲರಿ ಬಂತು, ಆಮೇಲೆ ಇನ್ನೂ ಹಗುರವಾದ ಫೈಬರ್ ಗ್ಲಾಸ್. ಹಗುರವಾದಷ್ಟೂ ಹಾಕಿ ತೆಗೆಯುವುದು ಸುಲಭ, ಹಾಗೆಯೇ ಕಿತ್ತು ಬರುವುದೂ ಸುಲಭ. ಸೊಳ್ಳೆ ಜಾಲರಿಗೆ ಭಾರ ಹೊರುವ ಶಕ್ತಿಯೇ ಬೇಕಿರಲಿಲ್ಲ. ನಾಲ್ಕೈದು ಕಿಲೋ ತೂಕದ ಬೆಕ್ಕು ಹಾರುವ ಪತಂಗದ ಮೇಲೆ ಎಗರಿ ಮೈಯೆಲ್ಲ ಭಾರ ಹಾಕಿದಾಗ ಚೌಕಟ್ಟಿನ ಸಮೇತ ಜಾಲರಿ ಹೊರಗೆ ಬಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯ ತಡೆ ಬಂದದ್ದು ಮಕ್ಕಳಿಗಾಗಿ. ಬೇಸಿಗೆಯಲ್ಲಿ ತೆರೆದಿಟ್ಟ ಕಿಟಕಿಗಳಿಂದ ಪುಟ್ಟ ಮಕ್ಕಳು ಬಿದ್ದು ಸಾಯುತ್ತಿದ್ದುದನ್ನು ಕಂಡು ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ 1972ರಲ್ಲಿ ‘ಮಕ್ಕಳು ಹಾರಲಾರರು’ ಎಂಬ ಕಾರ್ಯಕ್ರಮ ಆರಂಭಿಸಿತು. ಮನೆಮನೆಗೆ ಹೋಗಿ ತಿಳಿಸುವುದು, ಕಿಟಕಿಗೆ ಹಾಕುವ ಕಂಬಿಗಳನ್ನು ಉಚಿತವಾಗಿ ಹಂಚುವುದು ಅದರ ಕೆಲಸ. ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿರುವ ಮನೆಗಳಿಗೆ ಕಟ್ಟಡದ ಮಾಲೀಕರೇ ಕಂಬಿ ಹಾಕಿಸಬೇಕೆಂದು 1976ರಲ್ಲಿ ನಿಯಮವಾಯಿತು. ಮಕ್ಕಳ ಸಾವು ಗಣನೀಯವಾಗಿ ಇಳಿಯಿತು. ನಗರಾಡಳಿತವೊಂದು ಮಾಡಿದ ಒಳ್ಳೆಯ ಕೆಲಸಗಳ ಸಾಲಿನಲ್ಲಿ ಇದಕ್ಕೆ ಮೇಲಿನ ಜಾಗ ಸಲ್ಲಬೇಕು. ಆದರೆ ಆ ನಿಯಮ ಬಿಟ್ಟ ಸಂದು ನಾಲ್ಕೂವರೆ ಇಂಚಿನವರೆಗೂ ಇತ್ತು. ಮಗುವಿನ ಮೈ ಅದರಲ್ಲಿ ತೂರದು. ಬೆಕ್ಕು ತಲೆ ತೂರಿಸಿತೆಂದರೆ ಮೈ ತಾನಾಗಿ ಹಿಂದೆ ಬರುತ್ತದೆ.

ಅದೇ 1976ರಲ್ಲಿ ಪಶುವೈದ್ಯ ಗಾರ್ಡನ್ ರಾಬಿನ್ಸನ್ ಎತ್ತರದಿಂದ ಬಿದ್ದ ಬೆಕ್ಕುಗಳಲ್ಲಿ ಮತ್ತೆ ಮತ್ತೆ ಕಾಣುವ ಗಾಯಗಳನ್ನು ಒಟ್ಟಾಗಿ ವಿವರಿಸಿ ಅದನ್ನು ಪ್ರತ್ಯೇಕ ಲಕ್ಷಣಕೂಟವೆಂದು ಗುರುತಿಸಿದ. ‘ಹೈರೈಸ್ ಸಿಂಡ್ರೋಮ್’ ಎಂದು ಪಶುವೈದ್ಯರು ಇಂದಿಗೂ ಕರೆಯುವುದು ಇದನ್ನೇ. ಎದೆಗೆ ಪೆಟ್ಟು, ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಳ್ಳುವುದು, ನೆಲಕ್ಕೆ ಗದ್ದ ಬಡಿದು ಬಾಯಿಯ ಅಂಗುಳು ಸೀಳುವುದು, ಕಾಲಿನ ಮೂಳೆ ಮುರಿಯುವುದು ಇದರ ಮುಖ್ಯ ಗಾಯಗಳು. ಬೆಕ್ಕು ಗಾಳಿಯಲ್ಲಿ ಮೈ ತಿರುಗಿಸಿ ಕಾಲೂರಿ ಇಳಿಯುವುದು ನಿಜ; ಫ್ರಾನ್ಸಿನ ಎಟಿಯೆನ್ ಜೂಲ್ ಮಾರೆ 1894ರಲ್ಲೇ ಸಾಲು ಛಾಯಾಚಿತ್ರಗಳಲ್ಲಿ ಅದನ್ನು ತೋರಿಸಿದ್ದ. ಮೊದಲು ಮುಂದಿನ ಅರ್ಧ ತಿರುಗುತ್ತದೆ, ಆಮೇಲೆ ಹಿಂದಿನ ಅರ್ಧ. ಆದರೆ ಕಾಲಿನ ಮೇಲೆ ಇಳಿಯುವುದಕ್ಕೂ ಗಾಯವಿಲ್ಲದೆ ಇಳಿಯುವುದಕ್ಕೂ ಅಜಗಜಾಂತರ.

ಈ ವ್ಯತ್ಯಾಸವನ್ನು ಜನ ಮರೆಯಲು ಒಂದು ಅಧ್ಯಯನ ಕಾರಣವಾಯಿತು. ನ್ಯೂಯಾರ್ಕಿನ ಅನಿಮಲ್ ಮೆಡಿಕಲ್ ಸೆಂಟರ್ ಆಸ್ಪತ್ರೆಗೆ 1984ರಲ್ಲಿ ಐದು ತಿಂಗಳ ಅವಧಿಯಲ್ಲಿ ಬಂದ 132 ಬೆಕ್ಕುಗಳ ವಿವರವನ್ನು ವೇಯ್ನ್ ವಿಟ್ನಿ ಮತ್ತು ಶೆರಿಲ್ ಮೆಲ್ಹಾಫ್ 1987ರಲ್ಲಿ ಪ್ರಕಟಿಸಿದರು. ಎರಡನೆಯ ಮಹಡಿಯಿಂದ ಹಿಡಿದು ಮೂವತ್ತೆರಡನೆಯ ಮಹಡಿಯವರೆಗೆ, ಸರಾಸರಿ ಐದೂವರೆ ಮಹಡಿ ಎತ್ತರದಿಂದ ಅವು ಬಿದ್ದಿದ್ದವು. ಚಿಕಿತ್ಸೆ ಪಡೆದವುಗಳಲ್ಲಿ ಶೇ 90ರಷ್ಟು ಉಳಿದವು. ಏಳು ಮಹಡಿಯವರೆಗೆ ಗಾಯಗಳು ಹೆಚ್ಚುತ್ತ ಹೋಗಿ, ಅದಕ್ಕೂ ಮೇಲಿಂದ ಬಿದ್ದವುಗಳಲ್ಲಿ ಕಡಿಮೆಯಾದಂತೆ ಕಂಡಿತು. ಬೀಳುವ ಬೆಕ್ಕು ಗಂಟೆಗೆ ಸುಮಾರು ನೂರು ಕಿಲೋಮೀಟರ್ ವೇಗ ಮುಟ್ಟಿದ ಮೇಲೆ ವೇಗ ಏರುವುದಿಲ್ಲ, ಆಗ ಅದು ಮೈ ಸಡಿಲಿಸಿ ಕಾಲು ಚಾಚುತ್ತದೆ ಎಂಬುದು ಲೇಖಕರು ಕೊಟ್ಟ ವಿವರಣೆ. ಪತ್ರಿಕೆಗಳಿಗೆ ಇದು ಹಬ್ಬವಾಯಿತು. ಎತ್ತರ ಹೆಚ್ಚಿದಷ್ಟೂ ಬೆಕ್ಕಿಗೆ ಕ್ಷೇಮ ಎಂಬ ಮಾತು ಎಲ್ಲೆಡೆ ಹಬ್ಬಿತು. ಬಿದ್ದ ಜಾಗದಲ್ಲೇ ಸತ್ತ ಬೆಕ್ಕನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ, ಹಾಗಾಗಿ ಅದು ಆಸ್ಪತ್ರೆಯ ಲೆಕ್ಕದಲ್ಲಿ ಬರುವುದೂ ಇಲ್ಲ ಎಂಬ ಆಕ್ಷೇಪಣೆ ಅಷ್ಟು ದೂರ ತಲುಪಲಿಲ್ಲ. ಕ್ರೊಯೇಷಿಯಾದ ಝಾಗ್ರೆಬ್ ನಗರದಲ್ಲಿ ನಾಲ್ಕು ವರ್ಷಗಳಲ್ಲಿ ಬಂದ 119 ಬೆಕ್ಕುಗಳ ಬಗ್ಗೆ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಏಳನೆಯ ಮಹಡಿ ಅಥವಾ ಅದಕ್ಕೂ ಮೇಲಿಂದ ಬಿದ್ದವುಗಳಿಗೇ ಗಾಯ ಹೆಚ್ಚು, ಎದೆಯ ಪೆಟ್ಟು ಹೆಚ್ಚು ಎಂದು ಕಂಡಿತು. ಸುಮಾರು ಶೇ 60ರಷ್ಟು ಬೆಕ್ಕುಗಳಿಗೆ ಒಂದು ವರ್ಷವೂ ತುಂಬಿರಲಿಲ್ಲ. ಬಿದ್ದದ್ದು ಹೆಚ್ಚಾಗಿ ಸೆಕೆಯ ತಿಂಗಳುಗಳಲ್ಲಿ, ಅಂದರೆ ಕಿಟಕಿ ತೆರೆದಿರುವಾಗ.

ಬೆಕ್ಕು ಎತ್ತರವನ್ನು ಬಲ್ಲ ಪ್ರಾಣಿ, ತಾನಾಗಿ ಬೀಳದು ಎಂಬ ನಂಬಿಕೆಯೂ ಬಹಳ ಬೆಕ್ಕುಗಳ ಜೀವ ತೆಗೆದಿದೆ. ಮರದ ತೊಗಟೆಗೆ ಉಗುರು ನಾಟುತ್ತದೆ. ಅಲ್ಯೂಮಿನಿಯಮ್ ಪಟ್ಟಿಗೆ, ಗ್ರಾನೈಟ್ ಹಲಗೆಗೆ ನಾಟುವುದಿಲ್ಲ. ಹಕ್ಕಿಯ ಮೇಲೆ ಕಣ್ಣಿಟ್ಟ ಮರಿಗೆ ಅಂಚು ಕಾಣುವುದಿಲ್ಲ. ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಮುದಿ ಬೆಕ್ಕೂ ಬಿದ್ದೀತು.

ಜರ್ಮನಿ, ಆಸ್ಟ್ರಿಯಾಗಳಲ್ಲಿ ಅಪಾಯದ ರೂಪ ಬೇರೆ. ಅಲ್ಲಿನ ಕಿಟಕಿಯ ಪಟ್ಟಿಯನ್ನು ಮೇಲಿನಿಂದ ಒಳಕ್ಕೆ ವಾಲಿಸಿ ಇಡಬಹುದು. ಮಳೆ ಬಾರದೆ ಗಾಳಿ ಬರುತ್ತದೆ. ಮೇಲೆ ಅಗಲ, ಕೆಳಗೆ ಕಿರಿದಾದ ಆ ಸಂದಿನಲ್ಲಿ ಹೊರಗೆ ಹಾರಲು ಹೋದ ಬೆಕ್ಕು ಜಾರಿ ಸಿಕ್ಕಿಕೊಳ್ಳುತ್ತದೆ, ಒದ್ದಾಡಿದಷ್ಟೂ ಕೆಳಕ್ಕೆ ಇಳಿಯುತ್ತದೆ. ಹೊಟ್ಟೆ ಅದುಮಿ ಹಿಂಗಾಲುಗಳಿಗೆ ರಕ್ತ ನಿಂತುಹೋಗುತ್ತದೆ; ಬಿಡಿಸಿದ ಮೇಲೂ ಕಾಲು ಸ್ವಾಧೀನಕ್ಕೆ ಬಾರದೆ ಸಾಯುವುದುಂಟು. ಮನೆಯವರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ನಡೆಯುವ ಈ ಸಾವು ಬೀಳುವುದಕ್ಕಿಂತಲೂ ಘೋರ. ಇದರಿಂದಾಗಿಯೇ ಆ ದೇಶಗಳಲ್ಲಿ ಬೆಕ್ಕಿಗೆಂದೇ ಮಾಡಿದ ಸಾಮಾನು ಅಂಗಡಿಗೆ ಬಂತು: ಪಕ್ಕದ ಸಂದು ಮುಚ್ಚುವ ತ್ರಿಕೋನ ಜಾಲರಿ, ತಂತಿ ಸೇರಿಸಿ ಹೆಣೆದ ಬಾಲ್ಕನಿ ಬಲೆ. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಬಹುದೇ ಎಂಬ ತಕರಾರು ನ್ಯಾಯಾಲಯದವರೆಗೂ ಹೋಗಿದೆ.

ಕರ್ನಾಟಕದಲ್ಲಿ ಒಂದೇ ಕಟ್ಟಡದ ಫ್ಲ್ಯಾಟುಗಳಿಗೆ ಬೇರೆ ಬೇರೆ ಒಡೆಯರು ಇರುವುದಕ್ಕೆ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಅವಕಾಶ ಕೊಟ್ಟಿತು. ಮುಂದೆ ಬೆಂಗಳೂರಿನ ಮನೆಗಳು ಎತ್ತರಕ್ಕೆ ಏರಿದಂತೆ ಸರಳಿನ ಕಿಟಕಿಯ ಜಾಗಕ್ಕೆ ಜಾರುವ ಗಾಜಿನ ಕಿಟಕಿ ಬಂತು. ಎರಡು ಹಳಿಯಲ್ಲಿ ಗಾಜು, ಮೂರನೆಯದರಲ್ಲಿ ಸೊಳ್ಳೆ ಜಾಲರಿ. ಚಿಲಕವಿಲ್ಲದ ಜಾಲರಿಯನ್ನು ಬೆಕ್ಕು ಪಂಜದಿಂದ ಸರಿಸುವುದನ್ನು ಬಹುಬೇಗ ಕಲಿಯುತ್ತದೆ. ಬಾಲ್ಕನಿಗೆ, ಯುಟಿಲಿಟಿಗೆ ಕಟ್ಟುವ ನೈಲಾನ್ ಬಲೆ ಪಾರಿವಾಳ ಒಳಗೆ ಬರದಿರಲೆಂದು ಕಟ್ಟಿದ್ದು: ಬಿಸಿಲಿಗೆ ದಾರ ಸವೆಯುತ್ತದೆ, ಹಲ್ಲಿಗೆ ತುಂಡಾಗುತ್ತದೆ, ಕೊಕ್ಕೆಗಳ ನಡುವೆ ಕೆಳಭಾಗ ಸಡಿಲಬಿದ್ದಿರುತ್ತದೆ. ‘ಇನ್ವಿಸಿಬಲ್ ಗ್ರಿಲ್’ ಎಂದು ಮಾರುವ ಉಕ್ಕಿನ ತಂತಿಗಳ ಅಂತರ ಮಕ್ಕಳ ಅಳತೆಗೆ ಸರಿ, ಎರಡು ಮೂರು ತಿಂಗಳ ಮರಿಗೆ ಅದು ದಾರಿಯೇ. ಇದನ್ನೆಲ್ಲ ಅರಿತ ಬೆಕ್ಕಿನ ಮನೆಯವರು ಫೈಬರ್ ಜಾಲರಿ ತೆಗೆಸಿ ಸ್ಟೀಲ್ ಜಾಲರಿ ಹಾಕಿಸುತ್ತಾರೆ, ಜಾರುವ ಚೌಕಟ್ಟಿಗೆ ಚಿಲಕ ಕೂರಿಸುತ್ತಾರೆ, ಗ್ರಿಲ್ಲಿನ ಕೆಳಗಿನ ಅರ್ಧಕ್ಕೆ ಸಣ್ಣ ಕಣ್ಣಿನ ತಂತಿಬಲೆಯನ್ನು ಬಿಗಿದು ಕಟ್ಟಿಸುತ್ತಾರೆ.